ಅಪ್ಪನನ್ನು ಕೇಳದ ಪರೀಕ್ಷೆ

ನಾನು ಕೆಲಸ ಮಾಡೋದು ಮೀನಿನ ಡಿಎನ್‌ಎ ಪರೀಕ್ಷೆಯ ಲ್ಯಾಬಿನಲ್ಲಿ. ಕಣ್ಣು ಮೋಸ ಹೋದರೂ ಡಿಎನ್‌ಎ ಮೋಸ ಹೋಗಲ್ಲ ಅನ್ನೋದು ಇಲ್ಲಿಗೆ ಬರುವವರ ಗಟ್ಟಿ ನಂಬಿಕೆ.

ಮಳೆಗಾಲ ಮುಗಿದ ಮೇಲೆ ಸಾಕಣೆದಾರರೊಬ್ಬರು ಐಸ್ ಡಬ್ಬದಲ್ಲಿ ಮೀನು ತಂದರು. ಕಾಟ್ಲಾ ಮರಿ ಅಂತ ದುಡ್ಡು ಕೊಟ್ಟು ಹೊಂಡಕ್ಕೆ ಬಿಟ್ಟಿದ್ದರಂತೆ. "ನೀವೇ ನೋಡಿ ಮೇಡಂ, ಇದು ಕಾಟ್ಲಾ ಮುಖಾನಾ?"

ಅಲ್ಲ. ಕಾಟ್ಲಾಗೆ ದಪ್ಪ ತಲೆ, ಮೇಲಕ್ಕೆ ತೆರೆದ ಬಾಯಿ. ಇದರ ತಲೆ ಚಿಕ್ಕದು, ತುಟಿಯಂಚು ರೋಹುವಿನ ಥರ ನೆರಿಗೆ ನೆರಿಗೆ. ಮೈ ಅಗಲ ಮಾತ್ರ ಕಾಟ್ಲಾದ್ದು.

ರೆಕ್ಕೆಯ ಚೂರು ತೆಗೆದು, ಪ್ರಾಣಿಯ ಜಾತಿ ಗುರುತಿಸಲು ಬಳಸುವ ಸಿಓಐ ಅನ್ನೋ ಜೀನಿನ ಸುಮಾರು 650 ಅಕ್ಷರ ಓದಿ, ಹೆಸರು ಗೊತ್ತಿರುವ ಮೀನುಗಳ ಡಿಎನ್‌ಎ ಡೇಟಾಬೇಸಿನ ಜೊತೆ ಹೋಲಿಸಿದೆವು. ಉತ್ತರ: ಕಾಟ್ಲಾ. ಮರಿ ಮಾರಿದವರು ಈ ಕಾಗದ ನೋಡಿದ್ದರೆ ಫ್ರೇಮ್ ಹಾಕಿಸುತ್ತಿದ್ದರು.

ಸಿಓಐ ಇರೋದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿ. ಅದು ಬರೋದು ತಾಯಿಯಿಂದ. ಅಪ್ಪ ಯಾರು ಅಂತ ಈ ಪರೀಕ್ಷೆ ಕೇಳುವುದೇ ಇಲ್ಲ. ಹ್ಯಾಚರಿಯಲ್ಲಿ ಬೇರೆ ಬೇರೆ ಜಾತಿಯ ಮೀನುಗಳಿಗೆ ಹಾರ್ಮೋನ್ ಚುಚ್ಚಿ ಒಂದೇ ತೊಟ್ಟಿಗೆ ಬಿಟ್ಟರೆ, ಕಾಟ್ಲಾ ಮೊಟ್ಟೆಗೆ ರೋಹು ಗಂಡಿನ ವೀರ್ಯ ಸೇರಬಹುದು. ಆ ಬೆರಕೆ ಮರಿ ಬಂಜೆಯೂ ಅಲ್ಲ, ಬೆಳೆದು ಮತ್ತೆ ಮರಿ ಮಾಡುತ್ತದೆ.

ಅಪ್ಪ, ಅಮ್ಮ ಇಬ್ಬರಿಂದಲೂ ಬರುವ, ಜೀವಕೋಶದ ನ್ಯೂಕ್ಲಿಯಸ್ಸಿನ ಒಂದು ಜೀನ್ ನೋಡಿದಾಗ ಎರಡೂ ಕಡೆಯ ಗುರುತು ಸಿಕ್ಕಿತು. ಸರಿ, ಮೊದಲ ತಲೆಮಾರಿಗೆ ಇದು ಸಾಕು. ಇದೇ ಮೀನು ಅಪ್ಪಟ ಕಾಟ್ಲಾ ಜೊತೆ ಕೂಡಿದರೆ? ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧ, ಆ ಒಂದು ಜೀನಿನ ಮಟ್ಟಿಗೆ, ಅಪ್ಪಟ ಕಾಟ್ಲಾನೇ! ಬೆರಕೆ ಹಿಡಿಯಲು ಇನ್ನೂ ಹತ್ತಾರು ಜೀನ್ ನೋಡಬೇಕು. ಅಷ್ಟು ಖರ್ಚು ಯಾವ ರೈತ ಹಾಕ್ತಾನೆ?

ಆಫ್ರಿಕಾದ ವಿಕ್ಟೋರಿಯಾ ಸರೋವರದ ಸಿಕ್ಲಿಡ್ ಅನ್ನೋ ಮೀನುಗಳದ್ದು ಇನ್ನೊಂದು ಕಥೆ. ನೂರಾರು ಜಾತಿ, ಕವಲೊಡೆದು ಜಾಸ್ತಿ ಕಾಲ ಆಗಿಲ್ಲ. ಬಣ್ಣ, ಹಲ್ಲು ಬೇರೆ ಬೇರೆ ಇದ್ದರೂ ಸಿಓಐ ಅವನ್ನು ಬೇರ್ಪಡಿಸಲಾರದು.

ನಮ್ಮ ಕಾವೇರಿಯ ಡುಬ್ಬದ ಮಹಶೀರ್ ತಗೊಳ್ಳಿ. ಜಗತ್ತಿನ ಗಾಳಗಾರರಿಗೆಲ್ಲ ಗೊತ್ತಿದ್ದ ಮೀನು ಅದು. ಟಾರ್ ರೆಮಾದೇವಿ ಅನ್ನೋ ವೈಜ್ಞಾನಿಕ ಹೆಸರು ಅದಕ್ಕೆ ಖಚಿತವಾಗಿದ್ದು 2018ರಲ್ಲಿ. ಆ ಹೆಸರು ಅದಕ್ಕೂ ಮೊದಲೇ ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಇಟ್ಟಿದ್ದು. ಎರಡೂ ಒಂದೇ ಅನ್ನಲು ಡಿಎನ್‌ಎ ಜೊತೆಗೆ ಮೀನಿನ ಮೈಕಟ್ಟನ್ನೂ ಹೋಲಿಸಬೇಕಾಯಿತು. ಡೇಟಾಬೇಸಿನಲ್ಲಿ ಹೆಸರು ಬರೆಯುವವರೂ ಮನುಷ್ಯರೇ ಅಲ್ವಾ? ಅವರು ತಪ್ಪು ಹೆಸರು ಹಾಕಿಟ್ಟರೆ ನಮಗೆ ಸಿಗುವ ಮ್ಯಾಚೂ ತಪ್ಪೇ.

ಆ ಸಾಕಣೆದಾರರ ರಿಪೋರ್ಟಿನಲ್ಲಿ "ತಾಯಿ ಕಾಟ್ಲಾ, ಮೀನು ಬೆರಕೆ" ಅಂತ ಬರೆದು, ತಲೆಯ ಫೋಟೋನೂ ಅಂಟಿಸಿದೆ. ನಮ್ಮಲ್ಲಿಗೆ ಸ್ಯಾಂಪಲ್ ತರುವವರಿಗೆ ಒಂದು ವಿನಂತಿ: ಬರೀ ಮಾಂಸದ ತುಂಡು ತರಬೇಡಿ, ತಲೆ ಸಮೇತ ಇಡೀ ಮೀನು ತನ್ನಿ.