ದಿನಕ್ಕೆ ನಾಲ್ಕು ಅಧ್ಯಾಯ: 120ನೇ ದಿನದವರೆಗಿನ ಲೆಕ್ಕ

ಸತ್ಯವೇದವನ್ನು (ಬೈಬಲನ್ನು) ಒಂದು ವರ್ಷದಲ್ಲಿ ಓದಿ ಮುಗಿಸುವ ಈ ಪಟ್ಟಿ ಹಳೆಯದು. ಸ್ಕಾಟ್‌ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರ್ರೆ ಮೆಕ್‌ಷೇನ್ 1842ರ ಕೊನೆಯಲ್ಲಿ ತಮ್ಮ ಸಭೆಯವರಿಗೆಂದು ಹಾಕಿಕೊಟ್ಟದ್ದು. ವರ್ಷಕ್ಕೆ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ. ಕೂಡಿದರೆ 1,599 ಅಧ್ಯಾಯ, ಅಂದರೆ ದಿನಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು. ಕಾಲಂ ನಾಲ್ಕು: ಮೊದಲೆರಡು ಕುಟುಂಬ ಪ್ರಾರ್ಥನೆಗೆ, ಉಳಿದೆರಡು ಏಕಾಂತಕ್ಕೆ. ಜನವರಿ 1ರಂದು ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು, ನಾಲ್ಕರದ್ದೂ ಮೊದಲ ಅಧ್ಯಾಯ.

ಸಾಮಾನು: ಕನ್ನಡ ಸತ್ಯವೇದ, ನಾಲ್ಕು ಬಣ್ಣದ ದಾರ, 200 ಪುಟದ ಉದ್ದ ನೋಟ್‌ಬುಕ್ಕು, ಪೆನ್ನು. ದಾರವನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ನಾಲ್ಕು ಕಡೆ ಪುಟ ಹುಡುಕುವುದರಲ್ಲೇ ದಿನಾ ನಾಲ್ಕೈದು ನಿಮಿಷ ಹೋಗುತ್ತದೆ, ಮೊಬೈಲಿನಲ್ಲಿ ಹುಡುಕಲು ಹೋದರೆ ವಾಟ್ಸಾಪ್ ತೆರೆದಿರುತ್ತದೆ.

ದಿನ 1–31

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು. ನಾಲ್ಕು ಓದಿಗೆ ನಾಲ್ಕು ಚೌಕ, ಪಕ್ಕದಲ್ಲಿ ಒಂದು ವಚನ, ಅದರ ಪ್ರಕಾರ ಮಾಡಬೇಕಾದ ಒಂದು ಕೆಲಸ. ರಾತ್ರಿ ಮಲಗುವ ಮುಂಚೆ ‘ಆಯಿತು’ ಅಥವಾ ‘ಆಗಲಿಲ್ಲ’.

ಮೊದಲ ತಿಂಗಳ ಸಾಲುಗಳು ಹೆಚ್ಚುಕಡಿಮೆ ಕೆಲಸಕ್ಕೆ ಬಾರದವು. ‘ಇನ್ನೂ ಹೆಚ್ಚು ಪ್ರೀತಿಸಬೇಕು’, ‘ಕೋಪ ಕಡಿಮೆಯಾಗಬೇಕು’ ಎಂಬಂಥವು. ರಾತ್ರಿ ಇವಕ್ಕೆ ಏನು ಗುರುತು ಹಾಕುವುದು? ಹೂಂ ಅನ್ನಲಿಕ್ಕೂ ಇಲ್ಲ, ಉಹೂಂ ಅನ್ನಲಿಕ್ಕೂ ಇಲ್ಲ. ಫೆಬ್ರವರಿಯಿಂದ ನಿಯಮ ಬದಲಾಯಿತು: ಕೈ, ಕಾಲು, ನಾಲಿಗೆ ಇವುಗಳಲ್ಲಿ ಒಂದು ಮಾಡುವ ಕೆಲಸವೇ ಆಗಿರಬೇಕು, ಯಾರಿಗೆ, ಎಷ್ಟು ಹೊತ್ತಿನೊಳಗೆ ಎಂಬುದೂ ಇರಬೇಕು. ವಾಕ್ಯವನ್ನು ಕೇಳಿ ನಡೆಯದವನನ್ನು ಕನ್ನಡಿ ನೋಡಿ ತನ್ನ ಮುಖ ಹೇಗಿತ್ತೆಂದು ಮರೆತು ಹೋಗುವವನಿಗೆ ಯಾಕೋಬನು ಹೊಸ ಒಡಂಬಡಿಕೆಯ ತನ್ನ ಪತ್ರಿಕೆಯಲ್ಲಿ ಹೋಲಿಸಿದ್ದು ಇದಕ್ಕೇ.

ದಿನ 32–88

ಬಾಕಿ ಬೀಳುವುದು ಈ ಹೊತ್ತಿನಲ್ಲಿ. ಮೂರು ದಿನ ತಪ್ಪಿದರೆ 12 ಅಧ್ಯಾಯ. ಭಾನುವಾರ ಆರಾಧನೆ ಮುಗಿಸಿ ಬಂದು ಒಂದೂವರೆ ಗಂಟೆ ಕೂತು ‘ತೀರಿಸಿದರೆ’ ಕಣ್ಣು ಓಡುತ್ತದೆ, ಒಂದು ವಚನವೂ ನಿಲ್ಲುವುದಿಲ್ಲ. ಅದು ಸಾಲ ತೀರಿಸುವ ಓದು.

ಈಗಿನ ಕ್ರಮ: ಯಾವಾಗಲೂ ಇವತ್ತಿನ ತಾರೀಖಿನದನ್ನೇ ಓದುವುದು. ತಪ್ಪಿದ ಚೌಕ ಖಾಲಿ ಇರಲಿ. ತಪ್ಪಿದ್ದು ಸುವಾರ್ತೆಯೋ ಪತ್ರಿಕೆಯೋ ಆಗಿದ್ದರೆ ಅದು ಈ ವರ್ಷದಲ್ಲೇ ಮತ್ತೊಮ್ಮೆ ಬರುತ್ತದೆ. ಹಳೆ ಒಡಂಬಡಿಕೆಯ ಚೌಕಗಳನ್ನು ಮಾತ್ರ ರಜಾದಿನದಲ್ಲಿ ತುಂಬಿಕೊಂಡರೆ ಸಾಕು.

ಉದ್ದದ ಅಧ್ಯಾಯಕ್ಕೆ ಹೆದರಬೇಕಿಲ್ಲ. 80 ವಚನಗಳ ಲೂಕ 1ನ್ನು ಪಟ್ಟಿಯೇ ಎರಡು ದಿನಕ್ಕೆ ಹಂಚಿದೆ.

ಖಾಲಿ ಚೌಕಕ್ಕಿಂತ ತುಂಬಿದ ಚೌಕಗಳ ಸಾಲು ಹೆಚ್ಚು ಅಪಾಯ. ಇಷ್ಟೆಲ್ಲ ಓದಿದೆ ಎಂಬ ಹೆಮ್ಮೆ ಮೆಲ್ಲಗೆ ಒಳಗೆ ಬರುತ್ತದೆ. ಮೆಕ್‌ಷೇನ್ ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಬರೆದಿಟ್ಟಿದ್ದರು: ಬರೀ ಆಚಾರವಾಗಿಬಿಡುವುದು, ಸ್ವನೀತಿ (ತಾನೇ ನೀತಿವಂತನೆಂಬ ಭಾವ), ಅಜಾಗ್ರತೆಯ ಓದು, ಹೊರಲಾರದ ನೊಗವಾಗುವುದು. ಇವನ್ನು ನೋಟ್‌ಬುಕ್ಕಿನ ರಟ್ಟಿನ ಒಳಬದಿಗೆ ಬರೆದು ಅಂಟಿಸಲಾಗಿದೆ.

ದಿನ 89ರಿಂದ: ಯಾಜಕಕಾಂಡ

ವರ್ಷದೋದು ಬಿಟ್ಟವರನ್ನು ಕೇಳಿ, ಬಹಳ ಮಂದಿ ಇಲ್ಲೇ ಬಿಟ್ಟಿರುತ್ತಾರೆ. ಮಾರ್ಚ್ 30ಕ್ಕೆ ಶುರು. ಮೊದಲ ಏಳು ಅಧ್ಯಾಯ ಐದು ಬಗೆಯ ಯಜ್ಞಗಳು, ನಕ್ಷೆಯಿಲ್ಲದೆ ಹೊಕ್ಕರೆ ಎಲ್ಲವೂ ಒಂದೇ ಹೊಗೆ. ಅರ್ಧ ಪುಟದ ಕೋಷ್ಟಕ ಮಾಡಿಕೊಳ್ಳಿ: ಏನು ತರುತ್ತಾರೆ, ಬೆಂಕಿಗೆ ಎಷ್ಟು, ಯಾರು ತಿನ್ನುತ್ತಾರೆ. ಸರ್ವಾಂಗಹೋಮದಲ್ಲಿ ಚರ್ಮ ಯಾಜಕನಿಗೆ, ಮಿಕ್ಕಿದ್ದು ಪೂರಾ ಬೆಂಕಿಗೆ, ತಿನ್ನುವವರು ಯಾರೂ ಇಲ್ಲ. ಧಾನ್ಯನೈವೇದ್ಯದಲ್ಲಿ ಒಂದು ಹಿಡಿ ಬೆಂಕಿಗೆ, ಉಳಿದದ್ದು ಯಾಜಕರಿಗೆ. ಸಮಾಧಾನಯಜ್ಞದಲ್ಲಿ ಮಾತ್ರ ತಂದವನೂ ಕೂತು ಉಣ್ಣುತ್ತಾನೆ. ‘ಯಾರು ತಿನ್ನುತ್ತಾರೆ’ ಎಂಬ ಒಂದು ಕಾಲಮ್ಮಿನಿಂದಲೇ ಅರ್ಧ ಗೊಂದಲ ಬಗೆಹರಿಯುತ್ತದೆ.

6ನೇ ಅಧ್ಯಾಯದ ಆರಂಭವನ್ನು ಓಡಿಸಬೇಡಿ. ಮೋಸದಿಂದ ಇಟ್ಟುಕೊಂಡದ್ದನ್ನು ಪೂರ್ತಿ ಹಿಂದಿರುಗಿಸಿ, ಮೇಲೆ ಐದರಲ್ಲೊಂದು ಪಾಲು ಸೇರಿಸಿ, ಯಜ್ಞ ತರುವ ದಿನವೇ ಕೊಡಬೇಕು. ನೂರಕ್ಕೆ ನೂರಿಪ್ಪತ್ತು. ದೇವರ ಹತ್ತಿರ ಕ್ಷಮೆ ಕೇಳಿ ನೆರೆಯವನ ಹಣ ಜೇಬಿನಲ್ಲೇ ಉಳಿಸಿಕೊಳ್ಳಲು ಇಲ್ಲಿ ದಾರಿಯಿಲ್ಲ.

ದಿನ 105, ಏಪ್ರಿಲ್ 15

ಈವರೆಗಿನ ದಿನಗಳಲ್ಲಿ ನಾಲ್ಕು ಕಾಲಮ್ಮೂ ಇಷ್ಟು ಚೆನ್ನಾಗಿ ಕೂಡಿಬಂದ ದಿನ ಇನ್ನೊಂದಿಲ್ಲ: ಯಾಜಕಕಾಂಡ 19, ಕೀರ್ತನೆ 23–24, ಪ್ರಸಂಗಿ 2, 1 ತಿಮೊಥೆಯ 4.

ಯಾಜಕಕಾಂಡ 19 ‘ಪರಿಶುದ್ಧರಾಗಿರಿ’ ಎಂಬ ಆಜ್ಞೆಯಿಂದ ಶುರುವಾಗುತ್ತದೆ. ಮುಂದೆ ಸಿಗುವುದು ಉಪವಾಸವೋ ದರ್ಶನವೋ ಅಲ್ಲ. ಹೊಲದ ಅಂಚನ್ನು ಕೊಯ್ಯಬೇಡ, ಹಕ್ಕಲು (ಕೊಯ್ಲಿನಲ್ಲಿ ಉದುರಿ ಉಳಿದ ತೆನೆ) ಬಡವರಿಗೂ ಪರದೇಶಿಗಳಿಗೂ ಬಿಡು. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು. ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬೇಡ. ಚಾಡಿ ಹೇಳುತ್ತಾ ತಿರುಗಬೇಡ. ತಲೆನರೆತವರ ಮುಂದೆ ಎದ್ದು ನಿಲ್ಲು. ತಕ್ಕಡಿ, ತೂಕದ ಕಲ್ಲು, ಅಳತೆ ಸರಿಯಿರಲಿ. ನಡುನಡುವೆ ‘ನಾನು ಯೆಹೋವನು’ ಎಂಬ ಮಾತು ಮೊಳೆ ಹೊಡೆದ ಹಾಗೆ ಬರುತ್ತಲೇ ಇರುತ್ತದೆ. ಪರಿಶುದ್ಧತೆ ಅಂದರೆ ಮುಖ ಗಂಭೀರ ಮಾಡಿಕೊಂಡು ಓಡಾಡುವುದು ಎಂದುಕೊಂಡವರಿಗೆ ಈ ತಕ್ಕಡಿ ಮುಜುಗರ ತರುತ್ತದೆ.

ಅದೇ ದಿನದ 24ನೇ ಕೀರ್ತನೆ ಯೆಹೋವನ ಪರ್ವತವನ್ನು ಹತ್ತತಕ್ಕವನು ಯಾರೆಂದು ಕೇಳಿ, ಶುದ್ಧಹಸ್ತವೂ ನಿರ್ಮಲ ಮನಸ್ಸೂ ಉಳ್ಳವನು ಎನ್ನುತ್ತದೆ. ಕೈ ಮೊದಲು ಬಂದಿದೆ, ಗಮನಿಸಿ. ತಿಮೊಥೆಯನಿಗೋ ಪೌಲನು ಭಕ್ತಿಯಲ್ಲಿ ಸಾಧನೆ ಮಾಡಿಕೋ ಎಂದು ಹೇಳುತ್ತಾನೆ, ಗರಡಿಯ ಮಾತು.

ಆ ದಿನದ ಮಾದರಿ ಸಾಲು ಹೀಗೆ: ‘ಯಾಜಕ 19:13. ಮನೆಗೆಲಸದಾಕೆಗೆ ಕೊಡಬೇಕಾದ ಬಾಕಿ 600 ರೂ. ಇವತ್ತು ಕತ್ತಲಾಗುವುದರೊಳಗೆ.’ ಇದಕ್ಕೆ ರಾತ್ರಿ ಗುರುತು ಹಾಕಬಹುದು.

ಆದರೆ ಈ ಅಧ್ಯಾಯವನ್ನು ಒಂಟಿಯಾಗಿ ಓದಿದರೆ ನೊಗವಾಗುತ್ತದೆ. ಮೂರು ವಾರದ ಹಿಂದೆ, ಮಾರ್ಚ್ 27ಕ್ಕೆ ಯೋಹಾನ 17 ಬಂದಿತ್ತು, ಸತ್ಯದಲ್ಲಿ ಇವರನ್ನು ಪ್ರತಿಷ್ಠಿಸು (ಅಂದರೆ ಪರಿಶುದ್ಧರನ್ನಾಗಿ ಮಾಡು) ಎಂದು ಯೇಸು ತಂದೆಯನ್ನು ಬೇಡುವ ಅಧ್ಯಾಯ. ಮರುದಿನ ಫಿಲಿಪ್ಪಿ 2: ಉದ್ದೇಶವನ್ನೂ ಪ್ರಯತ್ನವನ್ನೂ ಒಳಗೆ ಹುಟ್ಟಿಸುವಾತನು ದೇವರೇ. ಆ ಎರಡು ಪುಟಗಳಿಗೂ ಚೀಟಿ ಇಟ್ಟು, ‘ಆಗಲಿಲ್ಲ’ ಎಂದು ಬರೆದ ರಾತ್ರಿ ತೆಗೆದು ಓದಬೇಕು. ‘ಆಗಲಿಲ್ಲ’ ಎಂಬುದು ಅರಿಕೆ ಮಾಡಿ ಮರುದಿನಕ್ಕೆ ಎಳೆದುಕೊಳ್ಳುವ ಸಾಲು, ಒಂದೇ ಸಲ. ಮೂರನೇ ದಿನಕ್ಕೂ ಎಳೆದರೆ ಕೆಲಸ ದೊಡ್ಡದಾಯಿತೆಂದು ಅರ್ಥ, ಒಡೆದು ಚಿಕ್ಕದು ಮಾಡಿ.

ದಿನ 120, ಏಪ್ರಿಲ್ 30

ಅರಣ್ಯಕಾಂಡ 7. ವಚನ 89. ಹನ್ನೆರಡು ಕುಲಾಧಿಪತಿಗಳು ಹನ್ನೆರಡು ದಿನ ತಂದ ಕಾಣಿಕೆ ಒಂದೇ (ಶೆಕೆಲ್ ಅಂದರೆ ಆ ಕಾಲದ ತೂಕ): 130 ಶೆಕೆಲ್‌ನ ಬೆಳ್ಳಿ ತಟ್ಟೆ, 70 ಶೆಕೆಲ್‌ನ ಬೆಳ್ಳಿ ಬೋಗುಣಿ, 10 ಶೆಕೆಲ್‌ನ ಚಿನ್ನದ ಪಾತ್ರೆ, ಜೊತೆಗೆ ಪಶುಗಳು. ಕುಟುಂಬ ಪ್ರಾರ್ಥನೆಯಲ್ಲಿ ಒಬ್ಬರೇ ಓದಿದರೆ ಮಕ್ಕಳು ತೂಕಡಿಸುತ್ತಾರೆ. ಒಬ್ಬೊಬ್ಬರಿಗೆ ಇಬ್ಬರು ಮೂವರು ಅಧಿಪತಿಗಳಂತೆ ಹಂಚಿ ಗಟ್ಟಿಯಾಗಿ ಓದಿಸಿ. ಕೊನೆಯಲ್ಲಿ ಬೆಳ್ಳಿಯ ಮೊತ್ತ ಎಷ್ಟೆಂದು ಲೆಕ್ಕ ಹಾಕಲು ಹೇಳಿ, 85ನೇ ವಚನದಲ್ಲಿ ಉತ್ತರವಿದೆ: 2,400 ಶೆಕೆಲ್.

ಮುಂದಿನ ಕೆಲಸ: ಜೂನ್ ಕೊನೆಯ ಹೊತ್ತಿಗೆ 119ನೇ ಕೀರ್ತನೆ ಬರುತ್ತದೆ. 176 ವಚನ, ಏಳು ದಿನ, ಆರು ದಿನ 24ರಂತೆ, ಕೊನೆಯ ದಿನ 32. ಅದಕ್ಕೆ ಮುಂಚೆ 9ರಿಂದ 16ರವರೆಗಿನ ಎಂಟು ವಚನ ಬಾಯಿಪಾಠವಾಗಬೇಕು. ಆರು ದಿನಕ್ಕೊಂದು ವಚನ, ಒಟ್ಟು 48 ದಿನ. ಮೇ 1ಕ್ಕೆ ಶುರು.