ಪಾಠದ ಜಾಗರಣೆ: ಐದು ತಿಂಗಳ ಲೆಕ್ಕ

ಫೆಬ್ರವರಿ

ಲೋಕದ ದೊಡ್ಡ ವಿಶ್ವವಿದ್ಯಾಲಯಗಳು ಊರ ಜನರಿಗೆಂದೇ ಉಪನ್ಯಾಸ ಇಡುತ್ತವೆ. ಬಡತನ, ಯುದ್ಧ, ನೀರು, ಹವಾಮಾನ, ಬಣ್ಣದ ಹೆಸರಿನ ಅನ್ಯಾಯ, ಹೀಗೆ. ಎಷ್ಟೋ ಕಡೆ ಬಾಗಿಲು ತೆರೆದಿರುತ್ತದೆ, ಟಿಕೆಟ್ ಇರುವುದಿಲ್ಲ. ಆಮೇಲೆ ಬರಹವೋ ವಿಡಿಯೋವೋ ಪುಕ್ಕಟೆ ಸಿಗುತ್ತದೆ. ನಾನು ಹತ್ತು ವರ್ಷದಿಂದ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಇವನ್ನು ಓದುತ್ತಾ, ಕೇಳುತ್ತಾ ಬಂದವಳು. ಒಬ್ಬಳೇ ಕೇಳಿ ಒಬ್ಬಳೇ ಇಟ್ಟುಕೊಂಡದ್ದು ಸಾಕು ಅನ್ನಿಸಿತು. ತಿಂಗಳಿಗೊಂದು ಭಾನುವಾರ, ಮೈಸೂರಿನ ನಮ್ಮ ಬಡಾವಣೆಯಲ್ಲಿ, ಅಂಥ ಒಂದು ಉಪನ್ಯಾಸವನ್ನು ಕನ್ನಡದಲ್ಲಿ ಹೇಳಿ ಎಲ್ಲರೂ ಕೂತು ಮಾತಾಡೋಣ ಎಂದು ಮೂವರು ಸೇರಿ ಹೊರಟೆವು.

ಮೈಸೂರಿಗೆ ಇದೇನೂ ಹೊಸದಲ್ಲ. ಇಲ್ಲಿನ ವಿಶ್ವವಿದ್ಯಾಲಯದ ಪ್ರಸಾರಾಂಗದ ಕೆಲಸವೇ ಇದಾಗಿತ್ತು. ಮೇಷ್ಟ್ರುಗಳು ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಮಾತೇ ಪುಟ್ಟ ಪುಸ್ತಕವಾಗಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ನಮ್ಮ ತಾತನ ಟ್ರಂಕಿನಲ್ಲಿ ಅಂಥ ನಾಲ್ಕು ಪುಸ್ತಕ ಇದ್ದವು. ಅಂಗೈಯಗಲ, ಪಿನ್ ತುಕ್ಕು ಹಿಡಿದಿತ್ತು. ಅದೇ ಅಳತೆಯಲ್ಲಿ ನಾವೂ ಪ್ರತಿ ತಿಂಗಳು ಎಂಟು ಪುಟ ಮಾಡಿ ಹಂಚಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆ.

ಮಾರ್ಚ್

ಮೊದಲ ಸಭೆಗೆ 19 ಜನ. ಮೊದಲು ಯಾವುದನ್ನು ಹೇಳುವುದು ಎಂದು ಜಾಸ್ತಿ ಯೋಚಿಸಲಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1965ರ ಮಾರ್ಚ್ 24ರ ರಾತ್ರಿ ನಡೆದದ್ದನ್ನೇ ಹೇಳಿದೆ.

ಆಗ ಉತ್ತರ ವಿಯೆಟ್ನಾಂ ಮೇಲೆ ಅಮೆರಿಕದ ಎಡೆಬಿಡದ ಬಾಂಬ್ ದಾಳಿ ಶುರುವಾಗಿ ಮೂರು ವಾರ ಆಗಿತ್ತು. ಆ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್ ಊರಿನ ಕೆಲವು ಅಧ್ಯಾಪಕರು ಒಂದು ದಿನ ಪಾಠ ನಿಲ್ಲಿಸಿ ಪ್ರತಿಭಟಿಸಲು ಹೊರಟರು. ಸರ್ಕಾರದ ಕಡೆಯಿಂದ ಸಿಟ್ಟು ಬಂತು. ಪಾಠ ಬಿಡುವ ಮೇಷ್ಟ್ರು ಎಂಥ ಮೇಷ್ಟ್ರು ಅನ್ನುವ ಮಾತು ಬಂತು. ಆಗ ಮಾನವಶಾಸ್ತ್ರದ ಮಾರ್ಷಲ್ ಸಾಹ್ಲಿನ್ಸ್ ಒಂದು ದಾರಿ ಹೇಳಿದರು: ಪಾಠ ನಿಲ್ಲಿಸುವುದು ಬೇಡ, ರಾತ್ರಿಯಿಡೀ ಪಾಠ ಮಾಡೋಣ. ರಾತ್ರಿ ಎಂಟಕ್ಕೆ ಶುರುವಾದದ್ದು ಬೆಳಿಗ್ಗೆ ಎಂಟರವರೆಗೆ ನಡೆಯಿತು. ಸುಮಾರು 3000 ಜನ ಬಂದರು. ನಡುವೆ ಬಾಂಬ್ ಇಟ್ಟಿದ್ದೇವೆ ಎಂಬ ಬೆದರಿಕೆ ಬಂದು ಎಲ್ಲರೂ ಚಳಿಯಲ್ಲಿ ಹೊರಗೆ ನಿಲ್ಲಬೇಕಾಯಿತು. ಮತ್ತೆ ಒಳಗೆ ಹೋಗಿ ಮುಂದುವರಿಸಿದರು. ಇದು ಬೇಗನೆ ಬೇರೆ ವಿಶ್ವವಿದ್ಯಾಲಯಗಳಿಗೂ ಹಬ್ಬಿತು. 1970ರ ಏಪ್ರಿಲ್ 22ರ ಮೊದಲ ಭೂಮಿ ದಿನವೂ ಇದೇ ಬಗೆಯ ಪಾಠ-ಸಭೆಯ ಯೋಚನೆಯಿಂದಲೇ ಹುಟ್ಟಿದ್ದು.

ಇಂಗ್ಲಿಷಿನಲ್ಲಿ ಇದಕ್ಕೆ ‘ಟೀಚ್-ಇನ್’ ಅನ್ನುತ್ತಾರೆ. ಕನ್ನಡಕ್ಕೆ ಏನು ಮಾಡುವುದು ಎಂದು ನಾನು ತಡಕಾಡುತ್ತಿದ್ದೆ. ಮೂಲೆಯಲ್ಲಿದ್ದ ಅಜ್ಜಿಯೊಬ್ಬರು, “ಅದಕ್ಕೇನಮ್ಮ, ಶಿವರಾತ್ರಿ ಜಾಗರಣೆ ಇದ್ದ ಹಾಗೆ. ಪಾಠದ ಜಾಗರಣೆ” ಅಂದರು. ಅಷ್ಟೇ. ನಮ್ಮ ಗುಂಪಿಗೂ ಅದೇ ಹೆಸರಾಯಿತು.

ಒಂದು ವಿವರ ಮಾತ್ರ ಎಲ್ಲರ ಮನಸ್ಸಿನಲ್ಲಿ ಉಳಿಯಿತು. ಆ ಕಾಲದಲ್ಲಿ ಅಲ್ಲಿನ ಹೆಣ್ಣುಮಕ್ಕಳು ರಾತ್ರಿ ಇಂತಿಷ್ಟು ಹೊತ್ತಿಗೆ ಹಾಸ್ಟೆಲಿಗೆ ವಾಪಸ್ ಬಂದಿರಬೇಕಿತ್ತು. ಆ ಒಂದು ರಾತ್ರಿಗೆ ನಿಯಮ ಸಡಿಲಿಸಿ ಅವರಿಗೂ ಅನುಮತಿ ಕೊಟ್ಟರು. ಇಲ್ಲದಿದ್ದರೆ ಸಭೆ ಎಲ್ಲರಿಗೂ ತೆರೆದಿತ್ತು ಅನ್ನುವ ಮಾತು ಅರ್ಧ ಮಾತ್ರ ನಿಜವಾಗುತ್ತಿತ್ತು.

ಏಪ್ರಿಲ್

ಈ ತಿಂಗಳದ್ದನ್ನು ಬರೆಯಲು ಕಷ್ಟ ಆಗುತ್ತಿದೆ. ಆದರೂ ಬರೆಯುತ್ತೇನೆ.

ಆರಿಸಿದ್ದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ಉಪನ್ಯಾಸ. 1979ರ ಮೇ 22ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೊಟ್ಟದ್ದು. ಟ್ಯಾನರ್ ಉಪನ್ಯಾಸಗಳು ಎಂಬ ಮಾಲೆ ಅದರ ಹಿಂದಿನ ವರ್ಷ ತಾನೇ ಹುಟ್ಟಿತ್ತು. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಅದು ಇವತ್ತಿಗೂ ನಡೆಯುತ್ತಿದೆ. ಸೇನ್ ಕೇಳಿದ ಪ್ರಶ್ನೆ ಚಿಕ್ಕದು. ಸಮಾನತೆ ಬೇಕು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಯಾವುದರಲ್ಲಿ ಸಮಾನತೆ? ದುಡ್ಡಿನಲ್ಲಾ? ಸಂತೋಷದಲ್ಲಾ?

ಅವರು ಅಂಗವೈಕಲ್ಯ ಇರುವ ಒಬ್ಬ ಮನುಷ್ಯನನ್ನು ಮುಂದಿಟ್ಟು ಮಾತಾಡುತ್ತಾರೆ. ಎಲ್ಲರಿಗೂ ಒಂದೇ ಸಮ ದುಡ್ಡು ಕೊಟ್ಟರೂ ಅವನಿಗೆ ಓಡಾಡಲು ಇನ್ನೊಂದಿಷ್ಟು ಬೇಕಾಗುತ್ತದೆ. ಹಾಗಾಗಿ ದುಡ್ಡು ಸಮ ಆದ ಮಾತ್ರಕ್ಕೆ ಬದುಕು ಸಮ ಆಗಲಿಲ್ಲ. ಸರಿ, ಸಂತೋಷವನ್ನು ಅಳೆಯೋಣ ಅಂದರೆ, ಅವನು ಹಸನ್ಮುಖಿ, ಕಾಮನಬಿಲ್ಲು ಕಂಡರೂ ಸಾಕು ಅವನ ಮನಸ್ಸು ಹಿಗ್ಗುತ್ತದೆ ಅಂತ ಇಟ್ಟುಕೊಳ್ಳಿ. ಹಾಗಂತ ಅವನಿಗೆ ಏನೂ ಕಮ್ಮಿ ಇಲ್ಲ ಅನ್ನಬಹುದಾ? ನೋಡಬೇಕಾದ್ದು ಬೇರೆಯೇ ಅನ್ನುತ್ತಾರೆ ಸೇನ್. ಅವನು ಬೇಕಾದ ಕಡೆ ಹೋಗಿ ಬರಬಲ್ಲನೇ? ಹೊಟ್ಟೆ ತುಂಬ ಉಣ್ಣಬಲ್ಲನೇ? ಊರ ನಾಲ್ಕು ಜನರ ನಡುವೆ ಸೇರಿ ಬದುಕಬಲ್ಲನೇ?

ಇದಕ್ಕೆ ಸೇನ್ ಬಳಸುವುದು ‘ಕೆಪೆಬಿಲಿಟಿ’ ಎಂಬ ಪದ. ನಾನು ಹಾಳೆಯಲ್ಲಿ ‘ಸಾಮರ್ಥ್ಯ’ ಎಂದು ಬರೆದಿದ್ದೆ. ಅದು ಕೆಲಸ ಮಾಡಲಿಲ್ಲ. ಸಾಮರ್ಥ್ಯ ಅಂದ ಕೂಡಲೇ ಜನ ಅದನ್ನು ಆ ಮನುಷ್ಯನ ಒಳಗೇ ಹುಡುಕುತ್ತಾರೆ. ಅವನಿಗೆ ಸಾಮರ್ಥ್ಯ ಇಲ್ಲ ಅಂದರೆ ತಪ್ಪು ಅವನದೇ ಆಗಿಬಿಡುತ್ತದೆ. ಸೇನ್ ಹೇಳುವುದು ಅದಲ್ಲ ಅಲ್ವಾ. ದಾರಿ ಇದೆಯೋ ಇಲ್ಲವೋ ಎಂಬುದೂ ಅದರಲ್ಲಿ ಸೇರಿದೆ. ಕೊನೆಗೆ ‘ಮಾಡಲು ದಾರಿ ಇರುವುದು’ ಎಂದು ತಿದ್ದಿದೆವು. ಉದ್ದ ಆಯಿತು, ಆದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ನಡೆದದ್ದು. ನಮ್ಮ ಹಾಳೆಗಳನ್ನು ಜೆರಾಕ್ಸ್ ಮಾಡಿಕೊಡುವ ಅಂಗಡಿಯವರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಓಡಾಡುವುದು ಸೈಡ್ ವೀಲ್ ಇರುವ ಸ್ಕೂಟರಿನಲ್ಲಿ. ಹಾಳೆ ತಿರುವುತ್ತಲೇ ಎಂಟೂ ಪುಟ ಓದಿ, “ಮೇಡಂ, ಇದಕ್ಕೆ ನಾನೂ ಬರ್ತೀನಿ” ಅಂದಿದ್ದರು. ಭಾನುವಾರ ಬಂದರು ಕೂಡ. ನಾವು ಹಿಡಿದಿದ್ದ ಕೋಣೆ ಮೊದಲ ಮಹಡಿಯಲ್ಲಿತ್ತು. 22 ಮೆಟ್ಟಿಲು, ಒಂದು ಕಡೆ ಮಾತ್ರ ಕಂಬಿ. ಮೇಲೆ ನಾನು ಮೈಕ್ ಹಿಡಿದು, ಬೇಕಾದ ಕಡೆ ಹೋಗಿ ಬರಬಲ್ಲನೇ ಎಂದು ಕೇಳುತ್ತಿದ್ದೆ. ಕೆಳಗೆ ಅವರು ಅರ್ಧ ಗಂಟೆ ಸ್ಕೂಟರಿನ ಮೇಲೇ ಕೂತಿದ್ದು ವಾಪಸ್ ಹೋದರು. ನನಗೆ ಗೊತ್ತಾದದ್ದು ಸೋಮವಾರ, ಬಾಕಿ ದುಡ್ಡು ಕೊಡಲು ಹೋದಾಗ. ಅವರು ಬೇಜಾರು ತೋರಿಸಲಿಲ್ಲ. “ಎಷ್ಟು ಮೆಟ್ಟಿಲು ಅಂತ ಮೊದಲೇ ಕೇಳ್ಕೋಬೇಕಿತ್ತು ನಾನು” ಅಂದರು. ಅವರು ಯಾಕೆ ಕೇಳಬೇಕಿತ್ತು? ಕೇಳಬೇಕಾದವಳು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ.

ಮೇ

ಹೊಸ ಉಪನ್ಯಾಸ ಇಲ್ಲ. ಜಾಗ ಬದಲಾಯಿಸಿದೆವು. ಈಗ ಸಿಕ್ಕಿರುವುದು ನೆಲಮಹಡಿಯ ಒಂದು ಹಳೇ ಗೋಡೌನ್. ಹೊಸ್ತಿಲು ಎತ್ತರ ಇದೆ, ಬಡಗಿಯಿಂದ ಇಳಿಜಾರು ಹಲಗೆ ಮಾಡಿಸಿದೆವು. ಮೊದಲ ಹಲಗೆ ಕಡಿದಾಯಿತು. ಎರಡನೆಯದಕ್ಕೆ ಅಳತೆ ಹೇಳಿದವರು ಜೆರಾಕ್ಸ್ ಅಂಗಡಿಯವರೇ. ಸೇನ್ ಅವರ ಪಾಠವನ್ನು ಅವರೇ ಇನ್ನೊಮ್ಮೆ ನಡೆಸಿಕೊಟ್ಟರು. ನನಗಿಂತ ಚೆನ್ನಾಗಿ ಹೇಳಿದರು.

ಹೊತ್ತನ್ನೂ ಬದಲಿಸಿದೆವು. ಸಂಜೆ ಐದೂವರೆ ಅಂದರೆ ಹೆಂಗಸರಿಗೆ ಒಲೆ ಹಚ್ಚುವ ಹೊತ್ತು. ಊದುಬತ್ತಿ ಹೊಸೆಯುವ ಅಕ್ಕಂದಿರು ಮಧ್ಯಾಹ್ನ ಎರಡಕ್ಕಾದರೆ ಬರುತ್ತೇವೆ ಅಂದರು. ಎರಡಕ್ಕೆ ಇಟ್ಟೆವು. ಏಳು ಜನ ಬಂದರು, ಇಬ್ಬರು ಮೊರ ಮತ್ತು ಮಸಾಲೆ ತಂದು ಹೊಸೆಯುತ್ತಲೇ ಕೇಳಿದರು.

ಜೂನ್

ಈ ಸಲ 31 ಜನ. ಎಲಿನಾರ್ ಆಸ್ಟ್ರಮ್ ಅವರ ನೊಬೆಲ್ ಉಪನ್ಯಾಸ. 2009ರ ಡಿಸೆಂಬರ್ 8ರಂದು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಕೊಟ್ಟದ್ದು. ಅರ್ಥಶಾಸ್ತ್ರಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರು.

ಕಾಡು, ಕೆರೆ, ಗೋಮಾಳದಂಥ ಊರೊಟ್ಟಿನ ಆಸ್ತಿಯನ್ನು ಜನರ ಕೈಗೆ ಬಿಟ್ಟರೆ ಹಾಳಾಗಿ ಹೋಗುತ್ತದೆ ಎಂದು 1968ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಬರೆದಿದ್ದರು. ಒಂದೋ ಸರ್ಕಾರ ಹಿಡಿಯಬೇಕು, ಇಲ್ಲವೇ ಖಾಸಗಿಯವರಿಗೆ ಕೊಡಬೇಕು ಎಂಬ ವಾದ ಅದರಿಂದ ಬಲವಾಯಿತು. ಆಸ್ಟ್ರಮ್ ಸುಮ್ನೆ ವಾದ ಮಾಡಲಿಲ್ಲ, ಹೋಗಿ ನೋಡಿದರು. ನೇಪಾಳದಲ್ಲಿ 200ಕ್ಕೂ ಹೆಚ್ಚು ನೀರಾವರಿ ವ್ಯವಸ್ಥೆಗಳ ಲೆಕ್ಕ ಹಾಕಿದರು. ಸರ್ಕಾರ ನಡೆಸುವ ಕಾಲುವೆಗಳಿಗಿಂತ ರೈತರೇ ನಡೆಸುವ ಕಾಲುವೆಗಳಲ್ಲಿ ಬೆಳೆ ಚೆನ್ನಾಗಿತ್ತು, ಕೊನೇ ಗದ್ದೆಗೂ ನೀರು ಮುಟ್ಟುತ್ತಿತ್ತು. ಹಾಗೆ ಬಾಳಿಕೆ ಬಂದ ಕಡೆಗಳಲ್ಲಿ ಏನೇನು ಇತ್ತು ಎಂದು ಅವರು ಎಂಟು ಮಾತು ಹೇಳುತ್ತಾರೆ. ಯಾರಿಗೆ ಹಕ್ಕು ಎಂಬುದು ಸ್ಪಷ್ಟ ಇರಬೇಕು, ನಿಯಮ ಮಾಡುವಾಗ ಬಳಸುವವರ ಮಾತೂ ಇರಬೇಕು, ಕಾಯುವವನು ಅವರಿಗೇ ಉತ್ತರ ಹೇಳಬೇಕು, ಮೊದಲ ತಪ್ಪಿಗೆ ಸಣ್ಣ ದಂಡ, ಹೀಗೆ.

ನಾನು ಕಾಯುವವನ ವಿಷಯಕ್ಕೆ ಬಂದಾಗ ಎರಡು ಮೂರು ಕಡೆಯಿಂದ ಒಟ್ಟಿಗೆ “ನೀರುಗಂಟಿ!” ಎಂದು ಕೂಗಿದರು. ಸಭೆ ನನ್ನ ಕೈಬಿಟ್ಟು ಅವರ ಕೈಗೆ ಹೋಯಿತು. ತೂಬು ಯಾವಾಗ ಎತ್ತುವುದು, ಮೇಲಿನ ಗದ್ದೆಯವರು ಕದ್ದು ಮಡೆ ಒಡೆದರೆ ಏನು ಮಾಡುವುದು, ಸುಗ್ಗಿಯಲ್ಲಿ ಕಣದಲ್ಲೇ ನೀರುಗಂಟಿಗೆ ಎಷ್ಟು ಕೊಳಗ ಅಳೆದು ಕೊಡುತ್ತಿದ್ದರು, ಎಲ್ಲ ಬಂತು. ನಾನು ಬರೆದುಕೊಳ್ಳುತ್ತಲೇ ಇದ್ದೆ.

ಆಗ ಕೋಲಾರದ ಕಡೆಯ ಒಬ್ಬ ಯಜಮಾನರು ಮಾತಾಡಿದರು. ಮಗಳ ಮನೆಗೆ ಬಂದು ಇಲ್ಲೇ ಇರುವವರು.

“ನಮ್ಮ ತಾತ ನೀರುಗಂಟಿ. ಊರಿಗೆಲ್ಲ ನೀರು ಬಿಟ್ಟೋರು ಅವರೇ. ಯಾರ ಗದ್ದೆಗೆ ಎಷ್ಟು ಅಂತ ಅವರಿಗೆ ಬಾಯಲ್ಲೇ ಇತ್ತು. ನಮ್ಮದು ಅಂತ ಒಂದು ಗುಂಟೆ ಇರಲಿಲ್ಲಮ್ಮ. ನ್ಯಾಯ ಕೂತಾಗ ಕಟ್ಟೆ ಮೇಲೆ ಅವರನ್ನ ಕೂರಿಸಿದ್ದು ನಾನು ನೋಡಿಲ್ಲ. ಕೆಳಗೆ ನಿಂತಿರೋರು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಊದುಬತ್ತಿಯ ಅಕ್ಕ ಒಬ್ಬರು ಕೈ ನಿಲ್ಲಿಸಿ ಕೇಳಿದರು: “ಬಳಸೋರು ನಿಯಮ ಮಾಡ್ಬೇಕು ಅಂದ್ರಲ್ಲ, ನೀರು ಹೊರೋರು ಬಳಸೋರಲ್ವಾ?”

ನಮ್ಮ ಕಡೆ ನೀರುಗಂಟಿಗಳು ಬಹಳ ಮಟ್ಟಿಗೆ ದಲಿತರು. ಕೆರೆ ಊರೊಟ್ಟಿನದು ಅನ್ನುವಾಗ ಆ ಊರೊಳಗೆ ಅವರು ಇದ್ದರೇ ಎಂದು ಕೇಳದೆ ಮುಂದೆ ಹೋಗುವ ಹಾಗಿಲ್ಲ. ಯಾರಿಗೆ ಹಕ್ಕು ಎಂಬುದು ಸ್ಪಷ್ಟ ಇರಬೇಕು ಅನ್ನುವ ಮಾತನ್ನು ನಾನು ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಅಲ್ಲೇ ನಿಲ್ಲಬೇಕಿತ್ತು. ಆ ಗೆರೆ ಎಳೆಯುವವರು ಯಾರು, ಅದರ ಹೊರಗೆ ಉಳಿಯುವವರು ಯಾರು? ಆಸ್ಟ್ರಮ್ ಅವರ ಮೇಲೆ ನನ್ನ ಗೌರವ ಕಡಿಮೆ ಆಗಿಲ್ಲ. ಅವರನ್ನು ಕನ್ನಡದಲ್ಲಿ ಓದಬೇಕಾದರೆ ಈ ಪ್ರಶ್ನೆಯನ್ನು ಪಕ್ಕದಲ್ಲೇ ಇಟ್ಟು ಓದಬೇಕು ಅನ್ನಿಸಿದೆ. ಜೂನ್ ತಿಂಗಳ ಪುಸ್ತಕವನ್ನು ಈಗ ಮತ್ತೆ ಬರೆಯುತ್ತಿದ್ದೇನೆ. ಎಂಟು ಪುಟ ಸಾಲದು, ಹನ್ನೆರಡು ಆಗುತ್ತದೆ. ಯಜಮಾನರ ಮಾತನ್ನು ಅವರಿಗೇ ಓದಿ ಹೇಳಿ, ಒಪ್ಪಿಗೆ ಕೇಳಿ ಹಾಕಿದ್ದೇನೆ. ತಾತನ ಹೆಸರು ಬೇಡ ಅಂದರು. ಊರಿನ ಹೆಸರೂ ಬೇಡ ಅಂದರು.

ಬಾಕಿ ಕೆಲಸ

ಈವರೆಗೆ ಖರ್ಚು 6,400 ರೂಪಾಯಿ, ಜಾಸ್ತಿ ಹೋದದ್ದು ಹಲಗೆ ಮತ್ತು ಜೆರಾಕ್ಸಿಗೆ. ಹಳೇ ಮೈಕ್ ಕೆಟ್ಟಿದೆ. ಗೋಡೌನಿನಲ್ಲಿ ಕಕ್ಕಸು ಇಲ್ಲ, ಪಕ್ಕದ ಮನೆಯವರನ್ನು ಎಷ್ಟು ದಿನ ಕೇಳುವುದು? ಇದಕ್ಕೆ ಬೇಗ ಒಂದು ವ್ಯವಸ್ಥೆ ಆಗಬೇಕು.

ಜುಲೈ ಸಭೆಯನ್ನು ಊರಾಚೆಯ ಒಂದು ಕೆರೆ ಏರಿಯ ಮೇಲೆ ಇಡೋಣ, ತೂಬು ತೋರಿಸುತ್ತಲೇ ಮಾತಾಡಬಹುದು ಎಂದು ಯಜಮಾನರು ಹೇಳಿದ್ದಾರೆ. ಎಲ್ಲರಿಗೂ ಆಸೆ ಇದೆ. ಏರಿಗೆ ಹತ್ತುವುದು ಮಣ್ಣಿನ ದಾರಿ, ಮಳೆ ಬಂದರೆ ಜಾರುತ್ತದೆ. ಮುಂದಿನ ಭಾನುವಾರ ಜೆರಾಕ್ಸ್ ಅಂಗಡಿಯವರ ಜೊತೆ ಹೋಗಿ ನೋಡಿಕೊಂಡು ಬರುತ್ತೇನೆ. ಸ್ಕೂಟರ್ ಹತ್ತಿದರೆ ಅಲ್ಲಿ, ಇಲ್ಲದಿದ್ದರೆ ಗೋಡೌನಿನಲ್ಲೇ.