ಬೆಲ್ಲೆರೊಫಾನ್‌ನ ತಲೆ ಯಾವ ಕಡೆ?

ಮೈಸೂರು, 14 ಜುಲೈ 2024, ಭಾನುವಾರ

ಕಾಲೇಜಿನ ಪಳೆಯುಳಿಕೆ ಡ್ರಾಯರ್‌ಗಳಿಗೆ ಹೊಸ ಚೀಟಿ ಬರೆಯುವ ಕೆಲಸವನ್ನು ಮನೆಗೇ ಹೊತ್ತು ತಂದಿದ್ದೆ. ಅಮೊನೈಟ್, ಟ್ರೈಲೊಬೈಟ್ ಎಲ್ಲ ಕಾಫಿ ಆರುವಷ್ಟರಲ್ಲಿ ಮುಗಿದವು. ಬೆಲ್ಲೆರೊಫಾನ್ ಎಂಬ ಅಳಿದುಹೋದ ಕಡಲ ಚಿಪ್ಪುಜೀವಿಯ ಹತ್ತಿರ ಪೆನ್ನು ನಿಂತಿತು. ಹಳೇ ಚೀಟಿಯಲ್ಲಿ ಯಾರೋ ದುಂಡಗೆ ‘ವರ್ಗ: ಗ್ಯಾಸ್ಟ್ರೊಪೊಡಾ’, ಅಂದರೆ ಬಸವನಹುಳುಗಳ ವರ್ಗ, ಎಂದು ಬರೆದಿದ್ದಾರೆ. ಅಷ್ಟು ಧೈರ್ಯ ನನಗಿಲ್ಲ.

ಇಂಥದ್ದು ನಮ್ಮೂರಲ್ಲಿ ಡ್ರಾಯರ್‌ನಲ್ಲೇ ಸಿಗಬೇಕು. ಚಾಮುಂಡಿ ಬೆಟ್ಟದ ಗ್ರಾನೈಟ್ ಶಿಲಾರಸ ತಣಿದು ಆದದ್ದು, ಸುಮಾರು 80 ಕೋಟಿ ವರ್ಷ ಹಳೆಯದು. ಅಂಥ ಕಲ್ಲಿನಲ್ಲಿ ಪಳೆಯುಳಿಕೆ ಸಿಗದು. ಅಲ್ಲಿ ಸಿಗುವ ಬಸವ ನಂದಿ ಒಬ್ಬನೇ.

ಚಿಪ್ಪು ಹೆಬ್ಬೆರಳ ಗಾತ್ರದ್ದು. ಶಂಖದ ಹಾಗೆ ಸುರುಳಿ ಒಂದು ಪಕ್ಕಕ್ಕೆ ಏರಿಲ್ಲ. ಒಂದೇ ಸಮತಲದಲ್ಲಿ ಸುತ್ತಿಕೊಂಡಿದೆ, ಎಡಬಲ ತದ್ರೂಪು. ಬೆನ್ನ ನಡುವೆ ಸಣ್ಣ ಪಟ್ಟಿ. ಲೆನ್ಸ್ ಹಿಡಿದರೆ ಬೆಳವಣಿಗೆಯ ಗೆರೆಗಳು ಆ ಪಟ್ಟಿಯ ಹತ್ತಿರ ಬರುತ್ತ ಹಿಂದಕ್ಕೆ ಬಾಗುವುದು ಕಾಣುತ್ತದೆ. ಬಾಯಂಚಿನಲ್ಲಿದ್ದ ಸೀಳು, ಚಿಪ್ಪು ಬೆಳೆದ ಹಾಗೆ ಹಿಂದಿನಿಂದ ಮುಚ್ಚಿಕೊಂಡು ಬಂದ ಗುರುತು ಅದು. 1808ರಲ್ಲಿ ಫ್ರೆಂಚ್ ನಿಸರ್ಗತಜ್ಞ ಮಾಂಟ್‌ಫೋರ್ಟ್ ಹೆಸರಿಟ್ಟಾಗಿನಿಂದಲೂ ಇದರ ಜಾತಕ ಕೂಡಿಬಂದಿಲ್ಲ. ಮೊದಮೊದಲು ಆಕ್ಟೋಪಸ್‌ನ ಚಿಪ್ಪುಳ್ಳ ನೆಂಟ ನಾಟಿಲಸ್ ಕಡೆಯವರೊಂದಿಗೂ ಸೇರಿಸಿದ್ದುಂಟು.

ತಕರಾರಿನ ಬೇರು ಇರುವುದು ಮೈ ತಿರುಚುವಿಕೆಯಲ್ಲಿ. ಬಸವನಹುಳುವಿನ ಜಾತಿಯವೆಲ್ಲ ಎಳೆಯದರಲ್ಲೇ ಒಳಗಿನ ಅಂಗಗಳನ್ನು 180 ಡಿಗ್ರಿ ತಿರುಗಿಸಿಕೊಳ್ಳುತ್ತವೆ. ಹಿಂದಿರಬೇಕಾದ ಮಲದ್ವಾರ ತಲೆಯ ಹತ್ತಿರಕ್ಕೆ ಬರುತ್ತದೆ. ಮಳೆ ನಿಂತ ಮೇಲೆ ನಮ್ಮ ಕಾಂಪೌಂಡ್ ಗೋಡೆ ಹತ್ತುತ್ತಿದ್ದ ಒಂದನ್ನು ನೋಡಿದೆ. ಬಲಗಡೆ, ಚಿಪ್ಪಿನಂಚಿನ ಕೆಳಗೆ, ಉಸಿರಿನ ತೂತು ನಿಧಾನಕ್ಕೆ ತೆರೆದು ಮುಚ್ಚುತ್ತಿತ್ತು. ಮಲ ಹೊರಬರುವುದೂ ಅದರ ಪಕ್ಕದಲ್ಲೇ. ಸೃಷ್ಟಿಯಲ್ಲಿ ಇಂಥ ಪ್ಲಂಬಿಂಗ್ ಯಾರು ಪಾಸು ಮಾಡಿದರೋ!

ಬೆಲ್ಲೆರೊಫಾನ್ ಹೀಗೆ ತಿರುಚಿಕೊಂಡಿತ್ತು ಅಂದರೆ ಸೀಳು ತಲೆಯ ಮೇಲೆ, ಸುರುಳಿ ಹಿಂದೆ: ಕೊಳೆನೀರು ಸೀಳಿನಿಂದ ಆಚೆ ಹೋಗುತ್ತಿತ್ತು, ಇಂದಿನ ಪ್ಲೂರೊಟೊಮೇರಿಯಾ ಬಳಗದ ಸೀಳುಚಿಪ್ಪಿನ ಕಡಲ ಬಸವನಹುಳುಗಳಲ್ಲಿ ಹೋಗುವಂತೆ. ತಿರುಚಿಕೊಂಡಿರಲಿಲ್ಲ ಅಂದರೆ ಎಲ್ಲ ಉಲ್ಟಾ: ಸುರುಳಿ ತಲೆಯ ಮೇಲೆ, ಸೀಳು ಬಾಲದ ಕಡೆ. ಆಗ ಅದು ಬಸವನಹುಳುವೇ ಅಲ್ಲ, ಮಾನೊಪ್ಲಕೊಫೊರಾ: ಮೈ ತಿರುಚಿಕೊಳ್ಳದ, ಒಂಟಿ ಚಿಪ್ಪಿನ ಇನ್ನೊಂದು ಮೃದ್ವಂಗಿ ವರ್ಗ. ಆ ಗುಂಪಿನ ಜೀವಂತ ಪ್ರಾಣಿ ನಿಯೊಪಿಲಿನಾ 1952ರಲ್ಲಿ ಡೆನ್ಮಾರ್ಕಿನ ‘ಗಲಾಥಿಯಾ’ ಹಡಗಿನ ಬಲೆಗೆ, ಕೋಸ್ಟರಿಕಾ ಬಳಿಯ ಕಡಲಾಳದಲ್ಲಿ ಬಿತ್ತು. 1957ರಲ್ಲಿ ಅದರ ವಿವರ ಅಚ್ಚಾಯಿತು. ಅದಕ್ಕೆ ಚಿಪ್ಪಿಗೆ ಅಂಟಿದ ಎಂಟು ಜೊತೆ ಸ್ನಾಯುಗಳು. ಬೆಲ್ಲೆರೊಫಾನ್ ಚಿಪ್ಪಿನೊಳಗೆ ಸಿಕ್ಕ ಸ್ನಾಯು ಗುರುತು ಒಂದೇ ಜೊತೆಯದು. ನಾನು ಬಸವನಹುಳು ಪಕ್ಷವೇ, ಆದರೆ ಮೆದು ಮೈ ಕೊಳೆತು ಹೋಗಿ ಕೋಟ್ಯಂತರ ವರ್ಷವಾದ ಮೇಲೆ ಪ್ರಮಾಣ ಮಾಡಿ ಹೇಳುವುದು ಹೇಗೆ? ಸುಮಾರು 25 ಕೋಟಿ ವರ್ಷ ಹಿಂದೆ, ಪರ್ಮಿಯನ್ ಕಾಲದ ಕೊನೆಯ ಮಹಾವಿನಾಶದಲ್ಲೂ ಬದುಕಿ ಉಳಿದ ಇದರ ಬಳಗ, ಅದರ ಮುಂದಿನ ಟ್ರಯಾಸಿಕ್ ಕಾಲದ ಶುರುವಿನಲ್ಲೇ ಹೋಗಿಬಿಟ್ಟಿತು.

2005ರಲ್ಲಿ ಮೃದ್ವಂಗಿ ತಜ್ಞರಾದ ಬೂಶೆ ಮತ್ತು ರೊಕ್ರುವಾ ತಮ್ಮ ವರ್ಗೀಕರಣದಲ್ಲೂ ಇದನ್ನು ಎರಡರಲ್ಲೊಂದು ಎಂದೇ ಬಿಟ್ಟರು. ನಾನೂ ಹಾಗೇ ಬರೆದೆ: ‘ಮೃದ್ವಂಗಿ. ವರ್ಗ ಅನಿಶ್ಚಿತ: ಗ್ಯಾಸ್ಟ್ರೊಪೊಡಾ ಅಥವಾ ಮಾನೊಪ್ಲಕೊಫೊರಾ.’ ಹುಡುಗರು ಗೊಣಗುತ್ತಾರೆ, ಗೊತ್ತು. ಪ್ರಾಕ್ಟಿಕಲ್‌ನಲ್ಲಿ ಒಂದು ಮಾರ್ಕಿಗೆ ಒಂದೇ ಹೆಸರು ಬೇಕು ಅವರಿಗೆ. ಈ ಸಲ ಇದನ್ನೇ ಮೇಜಿನ ಮೇಲೆ ಇಡಿಸುತ್ತೇನೆ. ವರ್ಗ ಯಾವುದಾದರೂ ಬರೆಯಲಿ, ಮಾರ್ಕು ಕಾರಣಕ್ಕೆ.